ಮೂರು ಕಾಲಿನ ಮೊಲವೂ ಹದಿಮೂರರ ಪೋಪೂ

ನಮ್ಮ ಹಾಸನದ ಬೂವನಹಳ್ಳಿ ಅಂದರೆ ವಿಮಾನ ನಿಲ್ದಾಣದ ಮಾತು ಕೇಳಿ ಕೇಳಿ ಸಾಕಾದ ಊರು. ಅದನ್ನೆಲ್ಲ ಕಾಯದೆ ನಮ್ಮ ಅಕ್ಕನ ಮಗಳು ಆಗಲೇ ಸ್ಪೇನಿಗೆ ಹಾರಿದ್ದಾಳೆ, ಫೋನಿನೊಳಗೆ. ಬೆಂಗಳೂರಲ್ಲಿ ಕೆಲಸ, ಬಸ್ಸಿನಲ್ಲಿ ಸ್ಪ್ಯಾನಿಷ್ ಪಾಠ. ಮೊನ್ನೆ ನಾನು ಆಲೂಗೆಡ್ಡೆ ಹೊಲದ ಬದುವಿನ ಮೇಲೆ ಕೂತಿದ್ದಾಗ ಫೋನು.

“ಮಾವ, ‘ಸ್ಟಿಕ್ ಟು ಯುವರ್ ಗನ್ಸ್’ ಅನ್ನೋದನ್ನ ಸ್ಪ್ಯಾನಿಷ್‌ಗೆ ತರಬೇಕು. ನಂಬಿದ್ದನ್ನ ಬಿಡಬೇಡ ಅಂತ. ನಮ್ಮಲ್ಲಿ ಏನಂತಾರೆ?”

“ಬಂದೂಕಿಗೆ ಅಂಟಿಕೊ ಅಂತ ಬರೆದರೆ ಗೋಂದು ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ ಕಣವ್ವ” ಅಂದೆ. ಅದು ಫಿರಂಗಿ ಬಿಟ್ಟು ಓಡದ ಸಿಪಾಯಿಗಳ ಮಾತು. ನಮ್ಮ ಹಳ್ಳೀಲಿ ಫಿರಂಗಿ ಎಲ್ಲಿಂದ ಬರಬೇಕು? ಇರೋದು ಮೊಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

“ಅದು ಹಟ ಮಾವ, ನಿಷ್ಠೆ ಅಲ್ಲ.”

“ನಾನು ಮಾಡಿದರೆ ನಿಷ್ಠೆ, ಪಕ್ಕದ ಹೊಲದವನು ಮಾಡಿದರೆ ಹಟ. ಅಷ್ಟೇ ವ್ಯತ್ಯಾಸ.”

ಅವಳು ನಕ್ಕು ಸ್ಪೇನಿನವರ ಮಾತು ಹೇಳಿದಳು: ‘ಮಾಂತೆನೆರ್ಸೆ ಎನ್ ಸುಸ್ ತ್ರೆಸೆ’. ತನ್ನ ಹದಿಮೂರಕ್ಕೇ ಅಂಟಿ ಕೂರೋದು. ಪೆದ್ರೊ ದೆ ಲೂನಾ ಅನ್ನುವವನು 1394ರಲ್ಲಿ ಹದಿಮೂರನೇ ಬೆನೆಡಿಕ್ಟ್ ಅಂತ ಪೋಪ್ ಆದ. ಆಗ ಪೋಪ್ ಗಾದಿಗೆ ಒಬ್ಬರಲ್ಲ, ಎರಡು ಮೂರು ಜನ. ಜಗಳ ಮುಗಿಸೋಣ ಅಂತ 1417ರಲ್ಲಿ ಚರ್ಚಿನ ಮಹಾಸಭೆ ಇವನನ್ನು ಇಳಿಸಿತು. ಇವನೋ ಪೆನ್ಯಿಸ್ಕೊಲಾ ಅನ್ನುವ ಕಡಲ ಕೋಟೆಯಲ್ಲಿ ಕೂತು, 1423ರಲ್ಲಿ ಸಾಯುವ ತನಕ ನಾನೇ ಪೋಪ್ ಅಂದ. ಆ ಹದಿಮೂರೇ ಮಾತಾಗಿ ಉಳಿಯಿತು ಅಂತ ಅಲ್ಲಿಯ ಜನ ಹೇಳುತ್ತಾರಂತೆ. ನಮಗೆ ಮೂರೇ ಸಾಕಾಯ್ತು, ಅವರಿಗೆ ಹದಿಮೂರು ಬೇಕಾಯ್ತು!

ಆಮೇಲೆ ಅವಳು ಒಂದೊಂದೇ ಮಾತು ಎಸೆದಳು, ನಾನು ಹಿಡಿದೆ. ‘ದಾರ್ ಲಾ ಕಾರಾ’ ಅಂದರೆ ಮುಖ ಕೊಡೋದು, ಮರೆಗೆ ನಿಲ್ಲದೆ ಎದುರಿಗೆ ಬರೋದು. ನಮ್ಮಲ್ಲೂ ತಪ್ಪು ಮಾಡಿದವನು ‘ಮುಖ ಕೊಟ್ಟು ಮಾತಾಡಲ್ಲ’. ಇನ್ನೊಂದು, ತೋಳನ್ನು ತಿರುಚಲು ಕೊಡದಿರೋದು. ಅದು ಗರಡಿ ಮನೆ ಮಾತಲ್ಲವೇ? ನಾವು ಪಟ್ಟು ಬಿಡಲ್ಲ, ಅವರು ತೋಳು ಕೊಡಲ್ಲ. ಇಂಗ್ಲಿಷಿನ ಬಂದೂಕು ಬದಿಗಿಟ್ಟು ನೋಡಿದರೆ ಬೂವನಹಳ್ಳಿಗೂ ಸ್ಪೇನಿಗೂ ನಡುವೆ ಒಂದು ಕುಸ್ತಿ ಮಟ್ಟಿಯಷ್ಟೇ ದೂರ. ಪೆರುವಿನ ಆಲೂಗೆಡ್ಡೆಯೇ ಸ್ಪೇನಿನ ಹಡಗು ಹತ್ತಿ ಹೊರಟು, ಕೊನೆಗೆ ನಮ್ಮ ಹಾಸನದ ಮಣ್ಣಿಗೆ ಬಂದು ಕೂತಿಲ್ಲವೇ?

“ಎರಡೂ ಕಡೆ ಸೇರದೆ ಬೇಲಿ ಮೇಲೆ ಕೂರೋದಕ್ಕೆ?”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ” ಅಂದೆ. ಅಂದ ಮೇಲೆ ಹಾಸನದ ಇನ್ನೊಂದು ದೀಪ ನೆನಪಾಯ್ತು. ವಕೀಲೆ ಬಾನು ಮುಷ್ತಾಕ್ 2000ದ ಸುಮಾರಿಗೆ ಮುಸ್ಲಿಂ ಹೆಣ್ಣುಮಕ್ಕಳಿಗೂ ಮಸೀದಿಗೆ ಪ್ರವೇಶ ಬೇಕು ಅಂದಿದ್ದಕ್ಕೆ ಬಹಿಷ್ಕಾರ ಎದುರಿಸಿದರು, ಮಾತು ಹಿಂದಕ್ಕೆ ತಗೊಳ್ಳಲಿಲ್ಲ. 2025ರಲ್ಲಿ ಅವರ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಹೆಸರು ನಮ್ಮ ‘ಎದೆಯ ಹಣತೆ’ ಕಥೆಯದೇ. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಕನ್ನಡದ ಎಷ್ಟೋ ಮಾತುಗಳನ್ನು ಅಡಿಟಿಪ್ಪಣಿಯ ಊರುಗೋಲು ಕೊಡದೆ ಹಾಗೇ ನಿಲ್ಲಿಸಿದರು. ಅದೂ ಒಂದು ಪಟ್ಟೇ.

“ಹಾಗಾದರೆ ನಂಬಿದ್ದಕ್ಕೆ ಎದ್ದು ನಿಲ್ಲೋದು ಅನ್ನೋದಕ್ಕೆ ‘ದಾರ್ ಲಾ ಕಾರಾ’ ಅಂತ ಬರೀಲಾ ಮಾವ?”

“ಧೈರ್ಯವಾಗಿ ಬರಿ. ತಪ್ಪಾದರೆ ಮಾತ್ರ ಮಾವ ಹೇಳಿದ್ದು ಅನ್ನಬೇಡ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು:

“ಮಾವ, ಈಗ ದೀಪ ಎಲ್ಲಿಟ್ಟೆ?”