ಸೂಟ್‌ಕೇಸ್ ಎತ್ತೋರು ಯಾರು?

ದೇಶ ಆರಿಸೋದು ಕಷ್ಟವೇನಲ್ಲ ಸ್ವಾಮಿ. ರಾತ್ರಿ ಊಟ ಮುಗಿಸಿ ಬಾಳೆಹಣ್ಣು ಸುಲಿಯುತ್ತಾ ಕೂತಾಗ 'ಈ ಸಲ ರಜಕ್ಕೆ ಫಾರಿನ್ನಿಗೆ ಹೋಗೋಣವಾ?' ಅಂತ ಒಬ್ಬರು ಬಾಯಿ ತೆಗೆದರೆ ಸಾಕು, ಹಣ್ಣು ಮುಗಿಯೋದರೊಳಗೆ ಊಟದ ಮೇಜಿನ ಮೇಲೆ ನಾಲ್ಕು ದೇಶ ಬಂದು ಬಿದ್ದಿರುತ್ತವೆ. ಮಗನಿಗೆ ಜಪಾನು, ಅಮ್ಮನಿಗೆ ಸ್ವಿಟ್ಜರ್ಲೆಂಡು, ಅಪ್ಪನಿಗೆ ಎಲ್ಲಿ ಅಗ್ಗವೋ ಅಲ್ಲಿ. ಅಜ್ಜಿ ಮಾತ್ರ 'ನನ್ನೊಬ್ಬಳನ್ನ ಬಿಟ್ಟು ಎಲ್ಲಿಗಾದರೂ ಹೋಗಿ ಬನ್ನಿ' ಅಂತಾರೆ. ಆ ಮಾತು ನಂಬಿ ಅಜ್ಜಿಯನ್ನ ಬಿಟ್ಟು ಹೋದವರು ಉದ್ಧಾರವಾದದ್ದು ನಾನಂತೂ ಕಂಡಿಲ್ಲ.

ನಮ್ಮ ಅಕ್ಕನ ಮನೆಯಲ್ಲಿ ಯುಗಾದಿಗೆ ಎದ್ದ ಮಾತು ಇನ್ನೂ ಕೂತಿಲ್ಲ. ಭಾವ ಬ್ಯಾಂಕಿನವರು, ಆದ್ದರಿಂದ ಎಕ್ಸೆಲ್ ಶೀಟ್ ಇದೆ. ಒಂದೊಂದು ಸಾಲಿಗೆ ಒಂದೊಂದು ದೇಶ. ಮುಂದೆ ವೀಸಾ, ವಿಮಾನ, ರೈಲು, ಹೋಟೆಲು, ಊಟ, ಕಟ್ಟಕಡೆಗೆ 'ಇತರೆ'. ಇತರೆ ಅಂದರೆ ಅಕ್ಕನ ಶಾಪಿಂಗು. ಹಸಿರು, ಹಳದಿ, ಕೆಂಪು ಬಣ್ಣ ಬೇರೆ ಬಳಿದಿದ್ದಾರೆ. ಇಷ್ಟೆಲ್ಲ ಇದ್ದೂ ಸೂಟ್‌ಕೇಸಿಗೆ ಅಂತ ಒಂದು ಕಾಲಂ ಇಲ್ಲ, ನನ್ನ ತಕರಾರು ಅದೇ. ಟಿಕೆಟ್ಟಿಗೆ ಐದು ಸಾವಿರ ಹೆಚ್ಚು ಹೋಯಿತು ಅಂತ ಯಾವ ಗಂಡ ಹೆಂಡತಿಯೂ ಪರದೇಶದಲ್ಲಿ ಮಾತು ಬಿಟ್ಟಿಲ್ಲ. ಒಂದು ಪ್ಲಾಟ್‌ಫಾರಮ್ಮಿನಿಂದ ಇನ್ನೊಂದಕ್ಕೆ ಇಪ್ಪತ್ತಮೂರು ಕೆ.ಜಿ. ಹೊತ್ತು ಮೆಟ್ಟಿಲು ಹತ್ತುವಾಗ ಬಿಟ್ಟಿದ್ದಾರೆ.

ಭಾವನ ಮೊದಲ ಯೋಜನೆ ಯೂರೋಪು. ಅದೂ ಒಂದೆರಡು ಊರಲ್ಲ. 'ಇಷ್ಟು ಖರ್ಚು ಮಾಡ್ಕೊಂಡು ಹೋದಮೇಲೆ ಎಲ್ಲಾ ನೋಡ್ಕೊಂಡೇ ಬಂದುಬಿಡೋಣ, ಮತ್ತೆ ಯಾರು ಹೋಗ್ತಾರೆ?' ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ, ಝೂರಿಕ್, ವೆನಿಸ್, ರೋಮ್. ಮಧ್ಯೆ ಅಗ್ಗದ ವಿಮಾನಗಳು. ಆ ಅಗ್ಗದ ಗುಟ್ಟು ಒಂದಿಷ್ಟು ಕೇಳಿ. ಟಿಕೆಟ್ಟಿನಲ್ಲಿ ಪ್ಯಾರಿಸ್ ಅಂತಿರುತ್ತೆ, ಇಳಿಸೋದು ಬೋವೆಯಲ್ಲಿ. ಅಲ್ಲಿಂದ ಪ್ಯಾರಿಸ್ಸಿಗೆ ಸುಮಾರು 85 ಕಿ.ಮೀ. ಬೆಂಗಳೂರು ಅಂತ ಹತ್ತಿಸಿಕೊಂಡು ತುಮಕೂರಿನ ಆಚೆ ಇಳಿಸಿದ ಹಾಗೆ. ಪುಕ್ಕಟೆ ಬಿಡೋದು ಸೀಟಿನ ಕೆಳಗೆ ತೂರುವಷ್ಟು ಚೀಲ ಮಾತ್ರ. ಚಟ್ನಿಪುಡಿ, ಅವಲಕ್ಕಿ, ಪುಟ್ಟ ರೈಸ್ ಕುಕ್ಕರ್ ತುಂಬಿದ ಅಕ್ಕನ ಪೆಟ್ಟಿಗೆಗೆ ಬೇರೆಯೇ ದುಡ್ಡು ಕಕ್ಕಬೇಕು. ಅಜ್ಜಿಯ ತುಪ್ಪದ ಡಬ್ಬಿಗಂತೂ ಪ್ರವೇಶವೇ ಇಲ್ಲ. ಹೊರಗಿನ ದೇಶದ ಹಾಲಿನ ಪದಾರ್ಥವನ್ನು ಪ್ರಯಾಣಿಕರು ತರುವ ಹಾಗಿಲ್ಲ ಅನ್ನೋದು ಯೂರೋಪಿಯನ್ ಒಕ್ಕೂಟದ ಕಾನೂನು. ಇನ್ನು ಪ್ಯಾರಿಸ್ಸಿನ ಮೆಟ್ರೋ 1900ರಲ್ಲಿ ಶುರುವಾದದ್ದು. ಆ ಕಾಲದವರಿಗೆ ಮೆಟ್ಟಿಲು ಅಂದರೆ ಪ್ರೀತಿ. 1998ರಲ್ಲಿ ಬಂದ 14ನೇ ಲೈನಿನಲ್ಲಿ ಎಲ್ಲಾ ನಿಲ್ದಾಣಕ್ಕೂ ಲಿಫ್ಟ್ ಇದೆ. ಹಳೆಯ ಲೈನುಗಳಲ್ಲಿ ನಿಮ್ಮ ಮಂಡಿ, ನಿಮ್ಮ ಹಣೆಬರಹ.

ಷೆಂಗೆನ್ ವೀಸಾದ್ದು ಇನ್ನೊಂದು ಕಥೆ. ಷೆಂಗೆನ್ ಲಕ್ಸೆಂಬರ್ಗಿನ ಒಂದು ಹಳ್ಳಿ. 1985ರಲ್ಲಿ ಅಲ್ಲಿ ಮೊಸೆಲ್ ನದಿಯಲ್ಲಿ ಹಡಗೊಂದರ ಮೇಲೆ ಕೂತು ಐದು ದೇಶದವರು ರುಜು ಹಾಕಿದ ಒಪ್ಪಂದಕ್ಕೆ ಇವತ್ತು 29 ದೇಶ ಸೇರಿವೆ. ಶುಲ್ಕ ದೊಡ್ಡವರಿಗೆ 90 ಯೂರೋ. ವೀಸಾ ಕೊಡದೆ ಹೋದರೂ ವಾಪಸ್ಸಿಲ್ಲ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಮಲಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಭಾವ ಯಾರಿಗೂ ಬೇಜಾರಾಗಬಾರದು ಅಂತ ಎಲ್ಲಾ ದೇಶಕ್ಕೂ ಸಮಸಮ ರಾತ್ರಿ ಹಂಚಿದ್ದರು. ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ. ಸರಿ, ಪ್ಯಾರಿಸ್ ಮೊದಲು. ಅಷ್ಟರಲ್ಲಿ ಮಗರಾಯ, 'ಅಪ್ಪಾ, ಪ್ಯಾರಿಸ್ಸಿಂದ ಲಂಡನ್ನಿಗೆ ಯೂರೋಸ್ಟಾರ್ ರೈಲು ಎರಡೂಕಾಲು ಗಂಟೆ ಚಿಲ್ಲರೆ ಅಷ್ಟೇ' ಅಂದ. ಬ್ರಿಟನ್ನಿಗೆ ಬೇರೆ ವೀಸಾ, ಬೇರೆ ಫಾರಂ, ಬೇರೆ ಶುಲ್ಕ. ಅವತ್ತು ಭಾವ ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ.

'ಇದೆಲ್ಲ ತಲೆನೋವೇ ಬೇಡ ರೀ, ಗ್ರೂಪ್ ಟೂರಲ್ಲಿ ಹೋಗೋಣ' ಅಂದಳು ಅಕ್ಕ. ಗ್ರೂಪ್ ಟೂರನ್ನು ನಾನು ಆಡಿಕೊಳ್ಳೋದಿಲ್ಲ. ಸಾರು ಅನ್ನ ಸಿಗುತ್ತೆ, ಪೆಟ್ಟಿಗೆ ಹೋಟೆಲ್ ಬಾಗಿಲಿಗೆ ಇಟ್ಟರೆ ಬಸ್ಸಿನ ಹೊಟ್ಟೆ ಸೇರುತ್ತೆ. ಆದರೆ ಅಲ್ಲಿ ರಾಜ ಯಾರು ಗೊತ್ತಾ? ಟೂರ್ ಮ್ಯಾನೇಜರ್ ಅಲ್ಲ, ಬಸ್ಸಿನ ಡ್ರೈವರ್. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ, ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಬೇಕಾದರೆ 10. ಅದರ ಮೇಲೆ ಗಾಡಿ ಮುಟ್ಟುವ ಹಾಗಿಲ್ಲ. ಟ್ಯಾಕೋಗ್ರಾಫ್ ಅನ್ನೋ ಯಂತ್ರ ಗಾಡಿಯಲ್ಲೇ ಕೂತು ಲೆಕ್ಕ ಬರೆಯುತ್ತೆ. ಆದ್ದರಿಂದಲೇ ಬೆಳಿಗ್ಗೆ ಆರಕ್ಕೆ ಎಬ್ಬಿಸೋದು, ಪೀಸಾದ ವಾಲುಗೋಪುರಕ್ಕೆ ಕೈ ಕೊಟ್ಟು ಫೋಟೋ ತೆಗೆಸಿಕೊಂಡ ಕೂಡಲೇ 'ಬನ್ನಿ ಬನ್ನಿ' ಅಂತ ಅಟ್ಟೋದು. 'ಸ್ವಲ್ಪ ನಿಲ್ಲಿಸಪ್ಪಾ, ಅಜ್ಜಿ ಇನ್ನೂ ಬಂದಿಲ್ಲ' ಅನ್ನೋ ಮಾತು ನಮ್ಮ ಡ್ರೈವರ್ ಹತ್ತಿರ ನಡೆಯುತ್ತೆ, ಯಂತ್ರದ ಹತ್ತಿರ ನಡೆಯೋಲ್ಲ.

ನನ್ನ ಕೇಳಿದರೆ ಸ್ವಿಟ್ಜರ್ಲೆಂಡ್ ಒಂದೇ ಹಿಡಿದು, ಇಂಟರ್‌ಲಾಕನ್ನಿನಲ್ಲೋ ಲೂಸರ್ನ್‌ನಲ್ಲೋ ಪೆಟ್ಟಿಗೆ ಇಳಿಸಿದವರು ವಾಪಸ್ ಹೊರಡುವ ತನಕ ಮುಟ್ಟಬಾರದು. ಸ್ವಿಸ್ ಟ್ರಾವೆಲ್ ಪಾಸ್ ಅಂತಿದೆ. ಮೂರು, ನಾಲ್ಕು, ಆರು, ಎಂಟು, ಹದಿನೈದು ದಿನದ್ದು ಸಿಗುತ್ತೆ. ರೈಲು, ಬಸ್ಸು, ಸರೋವರದ ದೋಣಿ ಎಲ್ಲಕ್ಕೂ ಅದೇ. ಬೆನ್ನಿಗೊಂದು ಚೀಲ ಹಾಕಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರೋದು. ನಮ್ಮವರೆಲ್ಲ ಮುಗಿಬೀಳೋದು 3,454 ಮೀಟರಿನ ಯುಂಗ್‌ಫ್ರಾವ್‌ಯೋಖ್‌ಗೆ. ಪಾಸ್ ಇದ್ದರೂ ವೆಂಗೆನ್ ಅಥವಾ ಗ್ರಿಂಡೆಲ್‌ವಾಲ್ಡ್ ತನಕ ಮಾತ್ರ ಪುಕ್ಕಟೆ, ಅಲ್ಲಿಂದ ಮೇಲಕ್ಕೆ ಶೇ. 25 ರಿಯಾಯಿತಿ ಅಷ್ಟೇ. ರಿಗಿ ಬೆಟ್ಟಕ್ಕೆ ಅದೇ ಪಾಸಿನಲ್ಲಿ ತುದಿಯ ತನಕ ಹೋಗಬಹುದು. ಹಿಮ ಕಮ್ಮಿ, ನಿಜ. ಆದರೆ ಹಿಮದ ಬೆಟ್ಟಗಳನ್ನು ನೋಡೋದಕ್ಕೆ ಅವುಗಳ ತಲೆ ಮೇಲೇ ನಿಲ್ಲಬೇಕು ಅಂತ ಯಾರು ಹೇಳಿದರೋ! ಭಾವ ಒಪ್ಪಲಿಲ್ಲ. 'ಒಂದೇ ದೇಶಕ್ಕೆ ಅಷ್ಟು ದುಡ್ಡಾ?'

ಹಾಗಾದರೆ ಜಪಾನು. ಇಲ್ಲಿ ಮಗನೇ ಗುರು. 'ಜೆಆರ್ ಪಾಸ್ ತಗೊಂಡ್ರೆ ಬುಲೆಟ್ ಟ್ರೈನ್ ಎಷ್ಟು ಸಲ ಬೇಕಾದ್ರೂ ಹತ್ತಬಹುದು.' ಹಳೇ ವಿಡಿಯೋ ನೋಡಿದ್ದಾನೆ ಪಾಪ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸ್ 29,650 ಯೆನ್ನಿನಿಂದ ಒಂದೇ ಏಟಿಗೆ 50,000ಕ್ಕೆ ಹಾರಿತು. ಟೋಕಿಯೋ–ಕ್ಯೋಟೋ ಹೋಗಿಬರೋದಷ್ಟೇ ಆದರೆ ಬಿಡಿ ಟಿಕೆಟ್ಟೇ ಅಗ್ಗ. ಎಲ್ಲಕ್ಕಿಂತ ವೇಗದ ನೊಜೊಮಿಗೆ ಆ ಪಾಸ್ ಇದ್ದರೂ ಮೇಲೆ ದುಡ್ಡು ಕಟ್ಟಬೇಕು. ನನಗೆ ಇಷ್ಟವಾದದ್ದು ಇನ್ನೊಂದು ನಿಯಮ: ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂ.ಮೀ. ಮೀರುವ ಹಾಗಿದ್ದರೆ ಟೋಕಿಯೋ–ಕ್ಯೋಟೋ ಬುಲೆಟ್ ಟ್ರೈನಿನಲ್ಲಿ ಅದಕ್ಕೆ ಅಂತಲೇ ಜಾಗವಿರುವ ಸೀಟನ್ನು ಮೊದಲೇ ಕಾಯ್ದಿರಿಸಬೇಕು. ಸುಮ್ಮನೆ ಹತ್ತಿದರೆ 1,000 ಯೆನ್ ದಂಡ. ಕೇಳಿದ್ದೇ ತಡ, ಅಕ್ಕ ಹೊಲಿಗೆ ಡಬ್ಬಿಯಿಂದ ಟೇಪು ತಂದಳು. ಬೀರುವಿನ ಮೇಲಿದ್ದ ಮೆರೂನ್ ಸೂಟ್‌ಕೇಸ್ ಇಳಿಯಿತು. ಭಾವ ಒಂದು ತುದಿ ಹಿಡಿದರು, ಅಕ್ಕ ಇನ್ನೊಂದು ತುದಿ. 168.

'ಚಕ್ರ ಬಿಟ್ಟು ಅಳೀರಿ.'

'ಚಕ್ರ ಬಿಟ್ಟೇ ಅಳೆದದ್ದು ಕಣೇ.'

ಪೆಟ್ಟಿಗೆಯನ್ನು ಹೋಟೆಲ್ಲಿನಿಂದ ಹೋಟೆಲ್ಲಿಗೆ ಕಳಿಸಿಬಿಡೋ ತಕ್ಯುಬಿನ್ ಸೇವೆ ಅಲ್ಲಿದೆ, ಸಾಮಾನ್ಯವಾಗಿ ಮಾರನೇ ದಿನ ತಲುಪಿಸುತ್ತಾರೆ ಅಂತ ನಾನು ಹೇಳಿದೆ. 'ರೇಷ್ಮೆ ಸೀರೆ ಇರೋ ಪೆಟ್ಟಿಗೆ ಯಾರೋ ಕೈಗೆ ಕೊಡೋದಾ?' ಅಂತ ಅಕ್ಕ ನನ್ನನ್ನೇ ಗದರಿದಳು. ಜಪಾನಿಗೆ ರೇಷ್ಮೆ ಸೀರೆ ಯಾಕೆ ಅಂತ ಕೇಳುವ ಧೈರ್ಯ ಭಾವನಿಗೂ ಬರಲಿಲ್ಲ.

ಕೊನೆಗೆ ಶ್ರೀಲಂಕಾ ಹೆಸರು ಎತ್ತಿದ್ದು ನಾನೇ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನ ಒಂದೂವರೆ ಗಂಟೆ. ಸಂಜೆ ಹೊತ್ತು ಜಯನಗರದಿಂದ ದೇವನಹಳ್ಳಿಗೆ ವಾಯುವಜ್ರ ಬಸ್ಸು ಅಷ್ಟರಲ್ಲಿ ಮುಟ್ಟಿದರೆ ಮನೆದೇವರ ಪುಣ್ಯ. ಅಜ್ಜಿ ಆಗ ಬಾಯಿ ಬಿಟ್ಟರು: 'ನಮ್ಮಪ್ಪ ಸಿಲೋನಿಗೆ ರೈಲಲ್ಲೇ ಹೋಗಿದ್ರು.' ಸುಳ್ಳಲ್ಲ. ಮದ್ರಾಸಿನಿಂದ ಧನುಷ್ಕೋಟಿ ತನಕ ಬೋಟ್ ಮೇಲ್, ಅಲ್ಲಿಂದ ಹಡಗು ಹತ್ತಿ ತಲೈಮನ್ನಾರ್, ಆ ಕಡೆ ಮತ್ತೆ ರೈಲು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ನುಂಗಿ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಜಪಾನು ತನ್ನ ಮೊದಲ ಬುಲೆಟ್ ರೈಲು ಬಿಟ್ಟಿತ್ತು.

'ಈಗ ಹಡಗಿಲ್ವೇನೋ?' ಅಂದರು ಅಜ್ಜಿ. ಇದೆ. 2023ರಲ್ಲಿ ನಾಗಪಟ್ಟಿಣದಿಂದ ಜಾಫ್ನಾ ಹತ್ತಿರದ ಕಾಂಕೇಸಂತುರೈಗೆ ಮತ್ತೆ ಶುರುವಾಯಿತು, ನಿಂತಿತು, 2024ರಲ್ಲಿ ಮತ್ತೆ ಹೊರಟಿತು. ಕೆಲವು ಗಂಟೆಯ ಹಾದಿ. ಹಿಂಗಾರು ಜೋರಾದರೆ ನಿಲ್ಲಿಸೋದೂ ಉಂಟು. ಹೇಳಬಾರದಿತ್ತೇನೋ, ಭಾವನ ಮುಖ ಅರಳಿಬಿಟ್ಟಿತು. ಅವತ್ತಿನಿಂದ ಯೂರೋಪು, ಜಪಾನು ಎಲ್ಲಾ ಬದಿಗೆ. ಬೆಳಿಗ್ಗೆ ಫೋನ್ ಮಾಡಿದರೆ ಹವಾಮಾನದ ವಿಚಾರ, ಸಂಜೆ ಮಾಡಿದರೆ ನಾಗಪಟ್ಟಿಣಕ್ಕೆ ರೈಲಿನ ವಿಚಾರ. ನಿನ್ನೆ ಅವರೇ ಫೋನ್ ಮಾಡಿದ್ದರು, ಹಡಗಿನಲ್ಲಿ ಒಬ್ಬೊಬ್ಬರಿಗೆ ಎಷ್ಟು ಕೆ.ಜಿ. ಬಿಡ್ತಾರೆ, ಅಜ್ಜಿ ಪಾಲಿನದ್ದನ್ನ ಅಕ್ಕ ಉಪಯೋಗಿಸಬಹುದಾ ಅಂತ.