ಅಂಗುಲಾಚಾರ್ಯರು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ಸ್ಕ್ರೂ ಅಳೆಯುತ್ತ, ಹಿಂದೆ ನಿಂತ ಗಿರಾಕಿಗಳ ಶಾಪ ತಿನ್ನುವವರೊಬ್ಬರು ಇದ್ದೇ ಇರುತ್ತಾರೆ. ಅವರೇ ನಮ್ಮ ಅಂಗುಲಾಚಾರ್ಯರು. ನಿವೃತ್ತರು, ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು, ಇಂಚಿನ ಆಜನ್ಮ ವೈರಿಗಳು. ಬಿರುದು ಕೊಟ್ಟದ್ದು ಅಂಗಡಿಯ ಹುಡುಗರು.

“1956ರಲ್ಲೇ ಮೆಟ್ರಿಕ್ ಕಾನೂನು ಬಂತು. ಇನ್ನೂ ಈ ಇಂಚು-ಗಿಂಚು ಯಾಕ್ರೀ?” ಎಂದು ಗುಡುಗುತ್ತಾರೆ. ಹುಡುಗ ಹೆಡರ್ ಪಿನ್ ಮುಂದಿಟ್ಟು, “ಇದರ ಪಿನ್ನುಗಳ ನಡುವಿನ ಅಂತರ ಇಂಚಿನ ಹತ್ತನೇ ಒಂದು ಭಾಗ ಸಾರ್” ಎನ್ನುತ್ತಾನೆ. “ಅಲ್ಲ, 2.54 ಮಿಲಿಮೀಟರ್! 1959ರಿಂದ ಇಂಚು ಅಂದರೆ ಸರಿಯಾಗಿ 25.4 ಮಿಲಿಮೀಟರ್ ಅಂತ ಇಂಚಿನವರೇ ಒಪ್ಪಿಕೊಂಡಿದ್ದಾರೆ. ಇಂಚು ಈಗ ಮೀಟರಿನ ಮನೆಯಲ್ಲಿ ಬಾಡಿಗೆಗಿದೆ!”

ಬಾಡಿಗೆದಾರ ಮಾತ್ರ ಮನೆ ಬಿಡುವುದಿಲ್ಲ. ಆಚಾರ್ಯರ ಸರ್ಕ್ಯೂಟ್ ಬೋರ್ಡಿನ ದಪ್ಪ 1.6 ಮಿ.ಮೀ.; ಅದರ ಮೇಲಿನ ತಾಮ್ರ “ಒಂದು ಔನ್ಸ್”. ದಪ್ಪ ಕೇಳಿದರೆ ತೂಕ ಹೇಳುವುದೇ? ಒಂದು ಚದರ ಅಡಿಗೆ ಒಂದು ಔನ್ಸ್ ತಾಮ್ರ ಹರಡಿದರೆ ಸುಮಾರು 35 ಮೈಕ್ರಾನ್ ದಪ್ಪವಂತೆ. ಇದನ್ನು ಕೇಳಿದಾಗಲೆಲ್ಲ ಅವರಿಗೆ ಬಿ.ಪಿ. ಏರುತ್ತದೆ.

ಒಮ್ಮೆ 40 ಕಾಲಿನ 8051 ಚಿಪ್ಪಿಗೆ ತಾವೇ ಬೋರ್ಡ್ ಬರೆದರು. “ಪಾಯಿಂಟ್ ಸೊನ್ನೆ ನಾಲ್ಕು ಯಾವ ದೊಡ್ಡ ಲೆಕ್ಕ?” ಎಂದು ಕಾಲುಗಳ ನಡುವಿನ ಅಂತರ 2.54 ಇದ್ದದ್ದನ್ನು 2.5 ಮಾಡಿದರು. ಮೊದಲ ಮೂರು ಕಾಲು ಸಲೀಸಾಗಿ ಇಳಿದವು. ಆಮೇಲೆ ಒಂದೊಂದೇ ಓರೆಯಾಗಿ, ಇಪ್ಪತ್ತನೆಯದು 0.76 ಮಿ.ಮೀ. ಆಚೆ ನಿಂತಿತು. ಆಚಾರ್ಯರ ತೀರ್ಪು: “ಚಿಪ್ಪು ಉದ್ದ ಜಾಸ್ತಿ.”

ಅಲ್ಲಿಂದ ಎಲ್ಲವೂ ಮೆಟ್ರಿಕ್ಕೇ ಆಗಬೇಕೆಂದು ಶಪಥ. ಅಂಗಡಿಗೆ ಹೋಗಿ 0603 ರೆಸಿಸ್ಟರ್ ಕೇಳಿದರು. “ಇಂಚಿನ ಕೋಡೇ ತಾನೇ ಸಾರ್? 1.6ಕ್ಕೆ 0.8 ಮಿ.ಮೀ.?” “ಛೀ! ಮೆಟ್ರಿಕ್ ಕೋಡಿನ 0603 ಕೊಡಯ್ಯ!” ಕೊಟ್ಟರು. ಮೆಟ್ರಿಕ್ ಕೋಡಿನಲ್ಲಿ ಅದರ ಅಳತೆ 0.6ಕ್ಕೆ 0.3 ಮಿಲಿಮೀಟರ್. ಮನೆಗೆ ಬಂದು ಮೇಜಿನ ಮೇಲೆ ಸುರುವಿಕೊಂಡರು. ಫ್ಯಾನ್ ತಿರುಗುತ್ತಿತ್ತು. ಅಷ್ಟೇ.

ಅವನ್ನು ಹುಡುಕುತ್ತ ರಾತ್ರಿಯೆಲ್ಲ ತಣ್ಣನೆ ನೆಲದಲ್ಲಿ ತೆವಳಿದ್ದಕ್ಕೋ ಏನೋ, ಮರುದಿನ ಮೈ ಸುಡತೊಡಗಿತು. ಡಾಕ್ಟರು ಥರ್ಮಾಮೀಟರ್ ನೋಡಿ, “ಮೂವತ್ತೊಂಬತ್ತು ಡಿಗ್ರಿ ಸೆಲ್ಸಿಯಸ್” ಎಂದರು. ಮೆಟ್ರಿಕ್ ವೀರರು ಕಂಬಳಿ ಒದ್ದು ಎದ್ದು ಕೂತರು:

“ಮೂವತ್ತೊಂಬತ್ತೇ? ಅದೆಲ್ಲ ನನಗೆ ಅರ್ಥವಾಗಲ್ಲ ಸ್ವಾಮಿ. ಜ್ವರ ನೂರು ದಾಟಿದೆಯೋ ಇಲ್ಲವೋ, ಅದನ್ನು ಹೇಳಿ!”