ಕೇಳಿಸ್ತಿದೆಯೇನ್ರಪ್ಪಾ?

(2020ರ ಜುಲೈ. ಕೊರೊನಾ ಕಾಲ. ಮೈಸೂರಿನ ಒಂದು ಅಡುಗೆಮನೆ. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಮಾಸಿದ ಪಂಚೆ. ಅಕ್ಕಿಡಬ್ಬದ ಮೇಲೆ ಲ್ಯಾಪ್‌ಟಾಪ್. ಡಿಗ್ರಿ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು ಪಾಠಕ್ಕೆ ಸಿದ್ಧ.)

ಮೇಷ್ಟ್ರು: ಕೇಳಿಸ್ತಿದೆಯೇನ್ರಪ್ಪಾ?

(ಮೌನ. ತೆರೆಯ ತುಂಬ ಕಪ್ಪು ಚೌಕಗಳು.)

ಹೆಂಡತಿ: ನನಗೆ ಕೇಳಿಸ್ತಿದೆ ರೀ. ಕುಕ್ಕರ್ ಮೂರು ಕೂಗಿದ್ಮೇಲೆ ಆರಿಸಿ.

ಮೇಷ್ಟ್ರು: ಕ್ಲಾಸ್ ತಗೋತಿದ್ದೀನಿ ಕಣೇ!

ಹೆಂಡತಿ: ಮನೇಲೇ ಇದ್ದೀರಲ್ಲ!

ಮೇಷ್ಟ್ರು: ಇವತ್ತು ಬೇಡಿಕೆಯ ನಿಯಮ. ಬೆಲೆ ಏರಿದರೆ ಬೇಡಿಕೆ...

(ಬೀದಿಯಿಂದ: "ಸೊಪ್ಪೋ... ದಂಟು, ಮೆಂತ್ಯ!")

ಹೆಂಡತಿ: ಕಟ್ಟು ಎಷ್ಟಪ್ಪಾ? ಇಪ್ಪತ್ತಾ? ಹಾಗಾದ್ರೆ ಮೂರು ಬೇಡ, ಒಂದೇ ಕೊಡು.

ಒಂದು ಚೌಕ: ಅರ್ಥ ಆಯ್ತು ಸಾರ್. ಮೇಡಂ ಚೆನ್ನಾಗಿ ಹೇಳಿದ್ರು.

ಮೇಷ್ಟ್ರು: ರೋಲ್ ನಂಬರ್ 14, ಕ್ಯಾಮೆರಾ ಆನ್ ಮಾಡಪ್ಪ.

14: ನೆಟ್‌ವರ್ಕ್ ಸಾಲಲ್ಲ ಸಾರ್. ಊರಲ್ಲಿ ಗುಡ್ಡ ಹತ್ತಿ ಕೂತಿದ್ದೀನಿ. ಒಂದು ಕೈಲಿ ಛತ್ರಿ, ಒಂದು ಕೈಲಿ ನೀವು.

(ಪ್ರಿನ್ಸಿಪಾಲರ ಫೋನ್.)

ಪ್ರಿನ್ಸಿಪಾಲ್: ಪಾಠ ಮಾಡಿದ್ದಕ್ಕೆ ಸಾಕ್ಷಿ ಏನ್ರೀ? ಸ್ಕ್ರೀನ್‌ಶಾಟ್ ಕಳಿಸಿ.

ಮೇಷ್ಟ್ರು: ಕಳಿಸಿದೆ ಸಾರ್.

ಪ್ರಿನ್ಸಿಪಾಲ್: ಇದರಲ್ಲಿ ಕಾಣೋದು ಇಬ್ಬರೇ. ನೀವು, ಹಿಂದೆ ಸೌಟು ಹಿಡಿದವರು. ಅವರದು ಯಾವ ಸೆಮಿಸ್ಟರ್?

(ಝೂಮಿನ ಪುಕ್ಕಟೆ 40 ನಿಮಿಷ ಮುಗಿಯುತ್ತ ಬಂತು. ಅರ್ಧ ಹೊತ್ತು 'ಕೇಳಿಸ್ತಿದೆಯಾ'ದಲ್ಲೇ ಹೋಗಿತ್ತು.)

ಹೆಂಡತಿ: ರೀ, ಕುಕ್ಕರ್ ಎಷ್ಟು ಕೂಗ್ತು?

(ಮೇಷ್ಟ್ರು ತಬ್ಬಿಬ್ಬು. ಅರವತ್ತು ಮೈಕುಗಳು ಒಟ್ಟಿಗೇ ತೆರೆದವು.)

ವಿದ್ಯಾರ್ಥಿಗಳು: ಐದು, ಮೇಡಂ!

ಮೇಷ್ಟ್ರು (ಗದ್ಗದಿತರಾಗಿ): ಸದ್ಯ! ಎಲ್ಲರಿಗೂ ಕೇಳಿಸ್ತಿದೆ.